ಗದ್ದೆಗೆ ಹೋಗದ ನೀರು

1828ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ವಾಷಿಂಗ್ಟನ್ ನಗರದ ಹೊರಗೆ, ಪೊಟೋಮ್ಯಾಕ್ ನದಿಯ ದಡದಲ್ಲಿ, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಒಂದು ಕಾಲುವೆಯ ಗುದ್ದಲಿಪೂಜೆಗೆ ಬಂದು ನಿಂತಿದ್ದರು. ಸಲಿಕೆ ಹಾಕಿದರೆ ಅದು ಹೋಗಿ ಮರದ ಬೇರಿಗೆ ತಾಗಿತು. ಮತ್ತೆ ಹಾಕಿದರೂ ಮಣ್ಣು ಏಳಲಿಲ್ಲ. ಆಡಮ್ಸ್ ಕೋಟು ಬಿಚ್ಚಿ ಪಕ್ಕಕ್ಕಿಟ್ಟು ಬಲವಾಗಿ ಅಗೆದರು. ಮಣ್ಣು ಬಂತು, ಜನ ಹೋ ಎಂದು ಕೂಗಿದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ ಇನ್ನೊಂದು ಗುದ್ದಲಿಪೂಜೆ ನಡೆಯುತ್ತಿತ್ತು. ಅದು ರೈಲಿನದು: ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿ. ಗುಡ್ಡ ದಾಟಿ ಪಶ್ಚಿಮದ ಓಹಾಯೋ ಕಣಿವೆ ಮುಟ್ಟಬೇಕು, ಅಲ್ಲಿಯ ಸರಕು ತರಬೇಕು ಎಂಬುದು ಇಬ್ಬರ ಹಠವೂ ಆಗಿತ್ತು.

ರೈಲು 1842ಕ್ಕೆ ಕಂಬರ್‌ಲ್ಯಾಂಡ್ ಊರು ತಲುಪಿತು. ಕಾಲುವೆ ಅಲ್ಲಿಗೆ ಬಂದದ್ದು 1850ಕ್ಕೆ. ಅಷ್ಟು ಹೊತ್ತಿಗೆ ಹಣವೂ ಉತ್ಸಾಹವೂ ತೀರಿತ್ತು. ಹೆಸರಿನಲ್ಲಿ ಓಹಾಯೋ ಇದ್ದರೂ ಚೆಸಪೀಕ್ ಅಂಡ್ ಓಹಾಯೋ ಕಾಲುವೆ ಓಹಾಯೋ ನದಿಯನ್ನು ಕಾಣಲೇ ಇಲ್ಲ. ಕಲ್ಲಿದ್ದಲು ಹೊತ್ತ ದೋಣಿಗಳು ಒಂದಷ್ಟು ಕಾಲ ಓಡಾಡಿದವು. 1889ರ ಮಹಾಪೂರದಲ್ಲಿ ಕಂಪನಿ ದಿವಾಳಿ ಎದ್ದಾಗ ಕಾಲುವೆಯ ಯಜಮಾನಿಕೆ ಹೋದದ್ದು ಅದೇ ರೈಲು ಕಂಪನಿಯ ಕೈಗೆ! 1924ರ ಪ್ರವಾಹ ಬಂದ ಮೇಲೆ ರಿಪೇರಿಯ ಗೊಡವೆಗೆ ಯಾರೂ ಹೋಗಲಿಲ್ಲ, ದೋಣಿಗಳು ನಿಂತವು. 1938ರಲ್ಲಿ ಸರ್ಕಾರ ಇಪ್ಪತ್ತು ಲಕ್ಷ ಡಾಲರ್ ಕೊಟ್ಟು ರೈಲಿನವರಿಂದ ಕಾಲುವೆಯನ್ನು ಕೊಂಡುಕೊಂಡಿತು.

ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ 184.5 ಮೈಲಿ, ಅಂದರೆ 297 ಕಿಲೋಮೀಟರ್ ಉದ್ದ. ಅಗಲ ಮಾತ್ರ ಎಷ್ಟೋ ಕಡೆ ಒಂದು ನಾಲೆ, ಒಂದು ಏರಿ, ಒಂದು ಸಾಲು ಮರ, ಅಷ್ಟೇ. ಸುತ್ತಲ ಜನ ಇದನ್ನು ‘ಸಿ ಅಂಡ್ ಓ’ ಎಂದು ಚಿಕ್ಕದಾಗಿ ಕರೆಯುತ್ತಾರೆ.

ನನ್ನ ಮಗಳ ಮನೆ ಈ ಕಾಲುವೆ ಹಾಯುವ ಮೇರಿಲ್ಯಾಂಡ್‌ನಲ್ಲಿ. ಜರ್ಮನ್‌ಟೌನ್, ಗೇಥರ್ಸ್‌ಬರ್ಗ್, ರಾಕ್‌ವಿಲ್, ನದಿಯ ಆಚೆ ಬದಿಗೆ ವರ್ಜೀನಿಯಾದ ಹರ್ನ್‌ಡನ್, ಆಶ್‌ಬರ್ನ್, ಈ ಊರುಗಳಲ್ಲೆಲ್ಲ ಕನ್ನಡದ ಮನೆಗಳಿವೆ. ಬೇಸಿಗೆ ಬಂತೆಂದರೆ ಆ ಮನೆಗಳಿಗೆ ಅಪ್ಪ ಅಮ್ಮ, ಅತ್ತೆ ಮಾವ ಬಂದಿಳಿಯುತ್ತಾರೆ. ಮೊದಲ ವಾರ ಶ್ವೇತಭವನ, ಲಿಂಕನ್ ಪ್ರತಿಮೆ, ಮ್ಯೂಸಿಯಂಗಳು. ಆಮೇಲೆ ಮಾಲ್. ಆಮೇಲೆ ಸೋಫಾ. ಸೋಫಾದಿಂದ ನಮ್ಮನ್ನು ಎಬ್ಬಿಸಿದ್ದು ಈ ಕಾಲುವೆ. ಮೊಣಕಾಲು ನೋವಿನ ನಮ್ಮ ಯಜಮಾನರು, ತಳ್ಳುಗಾಡಿಯಲ್ಲಿ ಕೂರಲು ಒಲ್ಲೆ, ನಡೆಯಲೂ ಒಲ್ಲೆ ಎನ್ನುವ ಮೊಮ್ಮಗ, ಎಲ್ಲಕ್ಕೂ ಪ್ರಶ್ನೆ ಕೇಳುವ ಮೊಮ್ಮಗಳು, ವಾರವಿಡೀ ಲ್ಯಾಪ್‌ಟಾಪ್ ನೋಡಿ ಕಣ್ಣು ಬತ್ತಿದ ಮಗಳು ಅಳಿಯ, ಇಷ್ಟೂ ಜನಕ್ಕೆ ಒಟ್ಟಿಗೆ ಒಗ್ಗುವ ಜಾಗ ಅಮೆರಿಕದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ.

ಯಜಮಾನರು ಮಂಡ್ಯದ ಕಡೆಯವರು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳಲ್ಲಿ ಬೆಳೆದವರು. ಏರಿಯ ಮೇಲೆ ನಿಂತು ನೀರನ್ನು ಒಂದು ಗಳಿಗೆ ನೋಡಿದರು. ಮಾಮೂಲಿ ಪ್ರಶ್ನೆ ಬಂತು.

“ಈ ನೀರು ಯಾವೂರ ಗದ್ದೆಗೆ ಹೋಗ್ತದಪ್ಪ?”

“ಯಾವ ಗದ್ದೆಗೂ ಇಲ್ಲ ಮಾವ. ಬರೀ ದೋಣಿಗೆ ಅಂತ ಮಾಡಿದ್ದು,” ಅಂದ ಅಳಿಯ.

“ಇಷ್ಟುದ್ದ ತೋಡಿ, ಒಂದು ಗುಂಟೆಗೂ ನೀರು ಬಿಡ್ನಿಲ್ವಾ!”

ಆ ಅಚ್ಚರಿ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ನನಗೆ ಇದ್ದದ್ದು ಬೇರೆ ಅಳುಕು. ನಮ್ಮ ಕಡೆ ನಾಲೆ ಎಂದರೆ ಮಕ್ಕಳಿಗೆ ಹೋಗಬೇಡಿ ಎನ್ನುವ ಜಾಗ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ಸುದ್ದಿ ಕೇಳಿ ಬಂದವಳಿಗೆ ನಾಲೆಯ ದಂಡೆಯೇ ವಿಹಾರದ ಜಾಗ ಎನ್ನುವುದು ಒಗ್ಗಲು ಹೊತ್ತು ಹಿಡಿಯಿತು. ಇಲ್ಲಿ ನೀರು ಹೆಚ್ಚೂಕಡಿಮೆ ಆರಡಿ ಆಳ, ಹರಿವು ಇದೆಯೋ ಇಲ್ಲವೋ ಎಂಬಷ್ಟು ಮಂದ. ಆದರೂ ಮೊಮ್ಮಗನ ಕೈ ನಾನು ಬಿಟ್ಟವಳಲ್ಲ.

ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಮೊದಲು ಕೈಬಿಡಬೇಕಾದ್ದು ಇಡೀ ಕಾಲುವೆ ನೋಡುತ್ತೇವೆ ಎಂಬ ಆಸೆಯನ್ನು. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗಳು, ಅಂದರೆ ಲಾಕ್‌ಗಳು, 74 ಇವೆ; ಒಂದು ದಿನಕ್ಕೆ ಒಂದು ಲಾಕ್ ಸಾಕು. ಕಾರು ನಿಲ್ಲಿಸಿ, ಏರಿ ಹತ್ತಿ, ಮಕ್ಕಳು ಸುಸ್ತಾಗುವ ಮುಂಚೆ ಹಿಂತಿರುಗುವುದು. ದಾರಿ ಮಟ್ಟಸ. ಏಕೆಂದರೆ ಅದು ದೋಣಿ ಎಳೆಯುವ ಹೇಸರಗತ್ತೆಗಳು ನಡೆಯಲೆಂದು ಮಾಡಿದ ಏರಿ. ಲಾಕ್ ಬಂದ ಕಡೆ ಒಂದು ಸಣ್ಣ ದಿಣ್ಣೆ, ಮತ್ತೆ ಮಟ್ಟಸ. ಮಂಡಿ ನೋವಿನವರಿಗೆ ಇದಕ್ಕಿಂತ ಮರ್ಯಾದೆಯ ಹಾದಿ ಇಲ್ಲ. ತಳ್ಳುಗಾಡಿಯೂ ಹೋಗುತ್ತದೆ, ಮಳೆ ಬಿದ್ದ ಮಾರನೆಯ ದಿನ ಮಾತ್ರ ಬೇಡ, ಚಕ್ರಕ್ಕೆ ಕೆಸರು ಮೆತ್ತಿಕೊಳ್ಳುತ್ತದೆ. ಜಾರ್ಜ್‌ಟೌನ್‌ನಿಂದ ಮೇಲಕ್ಕೆ ಸುಮಾರು 22 ಮೈಲಿವರೆಗೆ ನಾಲೆಯಲ್ಲಿ ನೀರು ನಿಲ್ಲಿಸುತ್ತಾರೆ. ಅಲ್ಲಿಂದಾಚೆ ಬಹುಪಾಲು ಒಣ ಹಳ್ಳ, ಒಳಗೇ ದೊಡ್ಡ ದೊಡ್ಡ ಮರ ಬೆಳೆದುಬಿಟ್ಟಿವೆ. ಚಿಕ್ಕ ಮಕ್ಕಳಿದ್ದರೆ ನೀರಿರುವ ಕಡೆಗೇ ಕರೆದುಕೊಂಡು ಹೋಗಬೇಕು. ಆಮೆ ಇರುವುದು ಅಲ್ಲೇ.

ಈ 22 ಮೈಲಿಗೆ ಮತ್ತೆ ಜೀವ ಕೊಟ್ಟವರ ಹೆಸರು ಫಲಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯೋಜನೆ ಇತ್ತು. ಅದರಲ್ಲೂ ಕರಿಯರಿಗೆ ಬೇರೆ ಶಿಬಿರ, ಬಿಳಿಯರಿಗೆ ಬೇರೆ. ಕಾರ್ಡರಾಕ್ ಮತ್ತು ಕ್ಯಾಬಿನ್ ಜಾನ್ ಹತ್ತಿರ ಬಿಡಾರ ಹಾಕಿದ್ದ ಕಪ್ಪು ಹುಡುಗರ ಎರಡು ಶಿಬಿರಗಳೇ ಈ ಕೆಳಭಾಗದ ಏರಿ ಕಟ್ಟಿ, ಲಾಕ್ ರಿಪೇರಿ ಮಾಡಿ, ನೀರು ನಿಲ್ಲುವಂತೆ ಮಾಡಿದವು.

ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಹೇಳುವುದು ಗ್ರೇಟ್ ಫಾಲ್ಸ್ ಟ್ಯಾವರ್ನ್. ಅಲ್ಲಿ 20ನೇ ಲಾಕ್ ಇದೆ, ಪಕ್ಕದಲ್ಲಿ 1828ರಿಂದ 1831ರ ನಡುವೆ ಕಟ್ಟಿದ ಬಿಳಿ ಗೋಡೆಯ ಹಳೇ ಛತ್ರ. ಶೌಚಾಲಯ ಇದೆ, ಪಾರ್ಕಿಂಗ್ ಇದೆ, ನೆರಳಿನಲ್ಲಿ ಬೆಂಚುಗಳಿವೆ. ಅಜ್ಜಿ ತಾತಂದಿರಿರುವ ತಂಡಕ್ಕೆ ಈ ಮೂರೂ ಅಲ್ಲಿಯ ಜಲಪಾತಕ್ಕಿಂತ ಮುಖ್ಯ. ರಜೆಯ ದಿನ ಹನ್ನೊಂದು ಗಂಟೆಯಾದರೆ ಗೇಟಿನಿಂದಾಚೆಗೂ ಕಾರಿನ ಸಾಲು ನಿಲ್ಲುತ್ತದೆ, ತಿಂಡಿ ಮುಗಿಸಿದವರೇ ಹೊರಟುಬಿಡಬೇಕು.

ಕಾರಿಳಿದವರೆಲ್ಲ ಜಲಪಾತದ ಕಡೆ ಓಡುತ್ತಾರೆ. ಮಕ್ಕಳಿದ್ದರೆ ಮೊದಲು ಲಾಕ್ ನೋಡಬೇಕು ಎನ್ನುವುದು ನನ್ನ ಪಟ್ಟು. ಜಲಪಾತ ನೋಡಿದ ಮಕ್ಕಳು ‘ಹೋಗೋಣ’ ಅನ್ನುತ್ತಾರೆ. ಲಾಕ್ ನೋಡಿದ ಮಕ್ಕಳು ‘ಇನ್ನೊಂದ್ಸಲ’ ಅನ್ನುತ್ತಾರೆ. ಅಲ್ಲಿ ಚಾರ್ಲ್ಸ್ ಎಫ್. ಮರ್ಸರ್ ಎಂಬ ದೋಣಿಯೊಂದನ್ನು ಇಟ್ಟಿದ್ದಾರೆ. ಕಾಲುವೆ ಕಂಪನಿಯ ಮೊದಲ ಅಧ್ಯಕ್ಷನ ಹೆಸರು ಅದು. ಬೆಚ್ಚಗಿನ ತಿಂಗಳುಗಳಲ್ಲಿ ಹಳೆಯ ಕಾಲದ ಉಡುಪು ತೊಟ್ಟ ರೇಂಜರ್‌ಗಳು ಹೇಸರಗತ್ತೆ ಕಟ್ಟಿ ಅದನ್ನು ಎಳೆಸುತ್ತಾರೆ. ನಾಲೆ ರಿಪೇರಿ ಇದ್ದರೆ, ನೀರು ಕಡಿಮೆಯಿದ್ದರೆ ಸವಾರಿ ಇರುವುದಿಲ್ಲ, ಹೊರಡುವ ಮುಂಚೆ ವಿಚಾರಿಸಿಕೊಂಡೇ ಹೋಗಬೇಕು.

ದೋಣಿ ಲಾಕಿನೊಳಗೆ ನುಗ್ಗಿತು. ಎರಡು ಕಡೆಯೂ ಕಲ್ಲಿನ ಗೋಡೆ, ಕೈ ಚಾಚಿದರೆ ತಾಗುತ್ತದೆ. ಲಾಕ್ ಹದಿನೈದು ಅಡಿ ಅಗಲ; ಆಗಿನ ದೋಣಿಗಳು ಹದಿನಾಲ್ಕೂವರೆ ಅಡಿ. ಅರ್ಧ ಅಡಿಯ ಎಡೆಯಲ್ಲಿ 120 ಟನ್ ಕಲ್ಲಿದ್ದಲಿನ ದೋಣಿಯನ್ನು ಗೋಡೆಗೆ ಬಡಿಯದಂತೆ ಒಳಕ್ಕೆ ತರುತ್ತಿದ್ದರಲ್ಲ, ಆ ಚುಕ್ಕಾಣಿ ಹಿಡಿದವರ ಕೈಗೆ ನಮಸ್ಕಾರ. ಹಿಂದಿನ ಬಾಗಿಲು ಮುಚ್ಚಲು ರೇಂಜರ್ ಹೆಂಗಸು ದಪ್ಪ ಮರದ ತೊಲೆಗೆ ಬೆನ್ನು ಕೊಟ್ಟು, ಕಾಲೂರಿ, ಹಿಂದು ಹಿಂದಕ್ಕೆ ನಡೆದಳು. ದಡದಲ್ಲಿದ್ದ ಮಕ್ಕಳನ್ನೂ ಕರೆದಳು. ಮೊಮ್ಮಗಳು ಓಡಿಹೋಗಿ ಬೆನ್ನು ಕೊಟ್ಟಳು. ಬಾಗಿಲ ಎರಡೂ ರೆಕ್ಕೆ ಕೂಡುವಾಗ ನೇರ ಗೆರೆಯಾಗುವುದಿಲ್ಲ, ಮೇಲುನೀರಿನ ಕಡೆಗೆ ಮೂತಿ ಮಾಡಿ ನಿಲ್ಲುತ್ತವೆ. ನೀರು ಎಷ್ಟು ತಳ್ಳಿದರೆ ಅಷ್ಟು ಬಿಗಿಯುತ್ತವೆ. ಚಿಲಕವಿಲ್ಲ, ಬೀಗವಿಲ್ಲ.

ಆಮೇಲೆ ಮೇಲಿನ ಬಾಗಿಲ ತಳದಲ್ಲಿರುವ ಸಣ್ಣ ಹಲಗೆಗಳನ್ನು ಕಬ್ಬಿಣದ ಕೀಲಿಯಿಂದ ತಿರುಗಿಸಿದಳು. ಒಳಗೆ ನೀರು ಕುದಿದಂತೆ ಎದ್ದಿತು.

“ತೂಬು ಕಣೋ ಅದು! ನಮ್ಮೂರ ಕೆರೆಗೂ ಹಿಂಗೇ,” ಎಂದು ಯಜಮಾನರು ಮೊಮ್ಮಗನಿಗೆ ಹೇಳುವಷ್ಟರಲ್ಲಿ ದೋಣಿ ಏಳತೊಡಗಿತು. ಕಣ್ಣೆದುರಿನ ಗೋಡೆಯ ಒದ್ದೆ ಕಲ್ಲು ಒಂದೊಂದೇ ಸಾಲು ಕೆಳಗಿಳಿಯಿತು. ಆ ಕಲ್ಲುಗಳಲ್ಲಿ ಕೆಲವಕ್ಕೆ ಕೆತ್ತಿದ ಗುರುತುಗಳಿದ್ದವು, ಅವು ಕಲ್ಲುಕುಟಿಗರು ತಮ್ಮ ಕೆಲಸ ಇದು ಎಂದು ತೋರಿಸಲು ಹಾಕಿದ ಗೀಟುಗಳು. ನೋಡುತ್ತ ನೋಡುತ್ತ ನಮ್ಮ ತಲೆ ದಡದ ಹುಲ್ಲಿನ ಮಟ್ಟಕ್ಕೆ ಬಂತು, ಮುಂದಿನ ಬಾಗಿಲು ತೆರೆಯಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ 605 ಅಡಿ ಎತ್ತರಕ್ಕೆ ದೋಣಿಗಳನ್ನು ಹತ್ತಿಸುತ್ತಿದ್ದರು. ಇಂಜಿನ್ ಇಲ್ಲ, ಪಂಪ್ ಇಲ್ಲ. ಮೇಲಿನ ನೀರು ಕೆಳಗೆ ಬರುವ ಆಸೆಯೇ ಇದರ ಇಂಧನ.

ಹಳೆಯ ದಿನಗಳಲ್ಲಿ ದೋಣಿಯವರು ದೂರದಿಂದಲೇ ಕಹಳೆ ಊದಿ, ‘ಹೇ ಲಾಕ್!’ ಎಂದು ಕೂಗುತ್ತಿದ್ದರಂತೆ. ನಡುರಾತ್ರಿಯಾದರೂ ಲಾಕಿನವನು ಎದ್ದು ಬಂದು ಬಾಗಿಲು ತೆರೆಯಬೇಕು. ಅವನಿಗೆ ಕಂಪನಿ ಕೊಡುತ್ತಿದ್ದದ್ದು ಒಂದು ಕಲ್ಲಿನ ಮನೆ, ತರಕಾರಿ ಬೆಳೆದುಕೊಳ್ಳಲು ಒಂದಿಷ್ಟು ನೆಲ, ಮತ್ತು ಸಣ್ಣ ಸಂಬಳ. ನಮ್ಮ ಊರುಗಳ ನೀರುಗಂಟಿಯ ಬದುಕೇ. ಹೆಂಡತಿ ಮಕ್ಕಳು ಇರುವವನನ್ನೇ ಕಂಪನಿ ಬಯಸುತ್ತಿತ್ತು. ಒಬ್ಬರ ಸಂಬಳಕ್ಕೆ ಮನೆಮಂದಿಯ ದುಡಿಮೆ.

ದೋಣಿಗಳ ಮೇಲೂ ಅದೇ. ಕ್ಯಾಪ್ಟನ್‌ನ ಸಂಸಾರ ದೋಣಿಯ ಹಿಂಭಾಗದ ಪುಟ್ಟ ಕ್ಯಾಬಿನ್ನಿನಲ್ಲಿ, ಹೇಸರಗತ್ತೆಗಳು ಮುಂಭಾಗದ ಲಾಯದಲ್ಲಿ. ಎರಡು ಜತೆ ಇರುತ್ತಿದ್ದವು. ಒಂದು ಜತೆ ಆರು ಗಂಟೆ ಎಳೆದರೆ ಇನ್ನೊಂದು ಜತೆಗೆ ವಿಶ್ರಾಂತಿ. ಕುದುರೆ ಯಾಕಲ್ಲ ಎಂದರೆ ಹೇಸರಗತ್ತೆಗೆ ಮೇವು ಕಡಿಮೆ, ಕಾಯಿಲೆ ಕಡಿಮೆ, ಆಯುಸ್ಸು ಹೆಚ್ಚು. ಅವುಗಳ ಪಕ್ಕ ಏರಿಯ ಮೇಲೆ ನಡೆಯುತ್ತಿದ್ದದ್ದು ಬಹಳ ಸಲ ಆ ಸಂಸಾರದ ಮಕ್ಕಳು. ಬಿಸಿಲಲ್ಲಿ, ಮಳೆಯಲ್ಲಿ, ಬರಿಗಾಲಿನಲ್ಲಿ. ನಡೆಯಲು ಬಾರದ ಕೂಸುಗಳು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಯ ಮೇಲೆ ಬಿಡುತ್ತಿದ್ದರು.

“ಅವರಿಗೆ ಸ್ಕೂಲ್ ಇರ್ಲಿಲ್ವಾ ಅಜ್ಜಿ?”

ಇತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆಂದು ನಾಲೆಯನ್ನು ಖಾಲಿ ಮಾಡುತ್ತಿದ್ದರು. ಆ ಕೆಲವು ತಿಂಗಳು ಸ್ಕೂಲು. ಉಳಿದ ವರ್ಷವೆಲ್ಲ ಹೇಸರಗತ್ತೆ. ಮೊಮ್ಮಗಳು ಇದನ್ನು ಕೇಳಿ ಮರುಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚು.

ಲಾಕ್ ನೋಡಿಯಾದ ಮೇಲೆ ಜಲಪಾತ. ಏರಿಯಿಂದ ಒಂದಷ್ಟು ನಡೆದರೆ ಓಲ್ಮ್‌ಸ್ಟೆಡ್ ದ್ವೀಪಕ್ಕೆ ಸೇತುವೆಗಳೂ ಹಲಗೆ ದಾರಿಯೂ ಇವೆ. ಪೊಟೋಮ್ಯಾಕ್ ಇಲ್ಲಿ ಒಂದು ಮೈಲಿಯೊಳಗೆ 76 ಅಡಿ ಇಳಿಯುತ್ತದೆ. ಗಗನಚುಕ್ಕಿ ನೋಡಿದವರಿಗೆ ಎತ್ತರ ದೊಡ್ಡದಲ್ಲ. ಬಂಡೆಗಳ ನಡುವೆ ಆ ನೀರು ಹಿಸುಕಿಕೊಂಡು ನುಗ್ಗುವ ರಭಸ ದೊಡ್ಡದು. ದೋಣಿಗೆ ಬೇರೆ ಕಾಲುವೆ ಯಾಕೆ ಬೇಕಾಯಿತು ಎಂಬುದಕ್ಕೆ ಇಲ್ಲಿ ನಿಂತರೆ ವಿವರಣೆ ಬೇಕಿಲ್ಲ. ಹಲಗೆ ದಾರಿಗೆ ಕಟಕಟೆ ಇದೆ, ತಳ್ಳುಗಾಡಿಯೂ ಹೋಗುತ್ತದೆ. ನದಿಗೆ ಮಾತ್ರ ಇಳಿಯಕೂಡದು, ಕಾಲು ತೊಳೆಯಲೂ ಕೂಡದು. ಮೇಲೆ ನಯವಾಗಿ ಕಾಣುವ ಜಾಗದಲ್ಲೇ ಅಡಿಯಲ್ಲಿ ಸೆಳೆತ. ಎಚ್ಚರಿಕೆಯ ಫಲಕ ಓದಿ ನಕ್ಕು ಇಳಿದವರಲ್ಲಿ ಜೀವ ಕಳೆದುಕೊಂಡವರು ಇದ್ದಾರೆ.

ಹತ್ತಿರವೇ ಬಿಲ್ಲಿ ಗೋಟ್ ಟ್ರೇಲ್ ಎಂಬ ಕಾಲುದಾರಿ. ಅದರ ‘ಎ’ ಭಾಗ ದಾರಿಯಲ್ಲ, ಬಂಡೆ ಹತ್ತುವ ಕಸರತ್ತು, ಕೈಯೂರದೆ ನಡೆಯಲಾಗದು. ಹೈಸ್ಕೂಲು ದಾಟಿದ ಹುಡುಗರಿಗೆ ಒಳ್ಳೆಯದು. ಸೀರೆಯುಟ್ಟವರಿಗೂ ಐದು ವರ್ಷದವರಿಗೂ ಅಲ್ಲ. ಅಳಿಯ ಒಬ್ಬನೇ ಹೋಗಿ ಬಂದ. ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ಅವನ ಮುಖ ನೋಡಬೇಕಿತ್ತು.

ಊಟಕ್ಕೆ ನಾವು ಚಿತ್ರಾನ್ನ, ಮೊಸರನ್ನ, ಕೋಡುಬಳೆ ಒಯ್ದಿದ್ದೆವು. ತಿಂದಾದ ಮೇಲೆ ಕಾಗದದ ತಟ್ಟೆ ಹಿಡಿದುಕೊಂಡು ಕಸದ ಡಬ್ಬಿ ಹುಡುಕಿದರೆ ಡಬ್ಬಿಯೇ ಇಲ್ಲ. ಈ ಉದ್ಯಾನದಲ್ಲಿ ಡಬ್ಬಿ ಇಡುವುದೇ ಇಲ್ಲವಂತೆ. ತಂದವರು ತಂದದ್ದನ್ನು ಮನೆಗೆ ಒಯ್ಯಬೇಕು, ಚೀಲ ಬೇಕಾದರೆ ಅವರೇ ಇಟ್ಟಿರುತ್ತಾರೆ. ಕಾರಿನಲ್ಲಿ ಒಗ್ಗರಣೆಯ ವಾಸನೆ ಎರಡು ದಿನ ನಿಂತಿತು. ಏರಿಯ ಮೇಲೆ ಒಂದು ಚೂರು ಪ್ಲಾಸ್ಟಿಕ್ ಕಾಣದ್ದಕ್ಕೆ ಅದು ಕಡಿಮೆ ಬೆಲೆ.

ಆಮೆಗಳ ಮಾತು ಹೇಳಬೇಕು. ನೀರಿಗೆ ಬಿದ್ದ ಮರದ ದಿಮ್ಮಿಯ ಮೇಲೆ ದೊಡ್ಡದು, ಅದರ ಪಕ್ಕ ಸಣ್ಣದು, ಅದರ ಬೆನ್ನ ಮೇಲೆ ಇನ್ನೂ ಸಣ್ಣದು, ಎಲ್ಲವೂ ಕತ್ತು ಚಾಚಿ ಬಿಸಿಲು ಕಾಯಿಸುತ್ತಿರುತ್ತವೆ. ಸದ್ದು ಮಾಡದೆ ಹೋದರೆ ಎಣಿಸಬಹುದು. ಮೊಮ್ಮಗನಿಗೆ ಎಣಿಕೆ ಕಲಿಸಿದ್ದು ಆ ದಿಮ್ಮಿಗಳೇ. ಹತ್ತಿರ ಹೋಗುತ್ತಿದ್ದಂತೆ ಪುಳಕ್, ಪುಳಕ್, ಒಂದೂ ಇಲ್ಲ. ನೀಲಿ ಬಕಗಳು ಮಾತ್ರ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಒಂಟಿ ಕಾಲಲ್ಲಿ ನಿಂತೇ ಇರುತ್ತವೆ. ರೇಂಜರ್‌ಗಳ ಹತ್ತಿರ ಮಕ್ಕಳಿಗೆಂದೇ ಜೂನಿಯರ್ ರೇಂಜರ್ ಪುಸ್ತಕ ಸಿಗುತ್ತದೆ. ನೋಡಿದ್ದು ಬರೆದು, ಚಿತ್ರ ಬಿಡಿಸಿ ತೋರಿಸಿದರೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಮೊಮ್ಮಗಳು ಆ ಬ್ಯಾಡ್ಜನ್ನು ರಾತ್ರಿ ಉಡುಪಿಗೂ ಚುಚ್ಚಿಕೊಂಡು ಮಲಗಿದಳು.

ಸೊಪ್ಪು ಕಂಡರೆ ಕೈ ಹಾಕುವ ನನ್ನಂಥವರಿಗೆ ಒಂದು ಎಚ್ಚರಿಕೆ. ಏರಿಯ ಎರಡೂ ಬದಿ ಮೂರು ಮೂರು ಎಲೆಯ ಒಂದು ಬಳ್ಳಿ ಸೊಗಸಾಗಿ ಹಬ್ಬಿರುತ್ತದೆ. ಪಾಯ್ಸನ್ ಐವಿ. ಮಾವು, ಗೇರಿನ ಕುಟುಂಬದ್ದೇ. ಹಸಿ ಗೇರುಬೀಜದ ಸೊನೆ ತಾಗಿದರೆ ಆಗುವ ಉರಿ, ಬೊಬ್ಬೆ ಇದಕ್ಕೂ ಆಗುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ಹೋಗಿ ಬಂದ ಮಕ್ಕಳ ಮಂಡಿ ಸಂದು, ಕಿವಿಯ ಹಿಂದೆ ಉಣ್ಣೆ ಕಚ್ಚಿದೆಯೇ ಎಂದೂ ನೋಡಬೇಕು. ಇಲ್ಲಿಯ ಉಣ್ಣೆಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ.

ಮಕ್ಕಳು ಕಾರಿನಲ್ಲಿ ಎರಡು ಗಂಟೆ ಕೂರಬಲ್ಲರು ಎನ್ನುವವರಿಗೆ ಮೇಲಿನ ಭಾಗದಲ್ಲಿ ಎರಡು ಜಾಗ ಹೇಳುತ್ತೇನೆ. ಒಂದು ವಿಲಿಯಮ್ಸ್‌ಪೋರ್ಟ್. ಅಲ್ಲಿ ಕಾನಕೊಚೀಗ್ ಎಂಬ ಹೊಳೆಯ ಮೇಲೆ ಕಲ್ಲಿನ ಮೇಲ್ಗಾಲುವೆ ಇದೆ. ಕೆಳಗೆ ಹೊಳೆ, ಮೇಲೆ ಕಾಲುವೆ. 1920ರಲ್ಲಿ ಒಂದು ದೋಣಿ ಇದರ ಒಂದು ಬದಿಯ ಗೋಡೆಗೆ ಬಡಿದು, ಗೋಡೆ ಒಡೆದು, ದೋಣಿ ಹೋಗಿ ಹೊಳೆಗೆ ಬಿತ್ತು. ಸುಮಾರು ನೂರು ವರ್ಷದ ಮೇಲೆ, 2019ರಲ್ಲಿ, ಗೋಡೆ ಕಟ್ಟಿ ಮತ್ತೆ ನೀರು ಬಿಟ್ಟರು. ಈಗ ಬೆಚ್ಚಗಿನ ತಿಂಗಳುಗಳಲ್ಲಿ ಅದರ ಮೇಲೆ ದೋಣಿ ಹೋಗುತ್ತದೆ. ದೋಣಿಯಲ್ಲಿ ಕೂತು ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ನೀರು ಅಡ್ಡಲಾಗಿ ಹರಿಯುತ್ತಿರುತ್ತದೆ. ಮೊಮ್ಮಗ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿ, ಹೊಳೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಪರೀಕ್ಷೆ ಮಾಡಿದ.

ಇದೇ ಊರಿನ ಸುತ್ತ 1834ರ ಜನವರಿಯಲ್ಲಿ ಕಾಲುವೆ ತೋಡುವ ಐರಿಷ್ ಕೂಲಿಗಳ ಎರಡು ಗುಂಪು ಬಡಿದಾಡಿದವು. ಐರ್ಲೆಂಡಿನ ಯಾವ ಸೀಮೆಯವರು ಎಂಬುದರ ಮೇಲೆ ಗುಂಪು. ಒಳಗಿನ ಕಾರಣ ಕೂಲಿ ಬಾಕಿ, ಕೆಲಸದ ಅಭಾವ. ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ಕಾಲರಾ ಬಂದು ಅವರ ಬಿಡಾರಗಳನ್ನು ಬರಿದು ಮಾಡಿತ್ತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೈನ್ಯ ಕಳಿಸಿದ. ಕೂಲಿಗಾರರ ಗಲಭೆ ಅಡಗಿಸಲು ಅಮೆರಿಕದ ಕೇಂದ್ರ ಸೈನ್ಯ ಹೋದದ್ದು ಅದೇ ಮೊದಲು. ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಮಗಳು ಹಿಂದೆ ಮುಂದೆ ನೋಡಿದಳು. ಹೇಳಿದೆ. ಆಟದ ಜಾಗ ಎಂದ ಮಾತ್ರಕ್ಕೆ ಅದನ್ನು ತೋಡಿದ ಕೈಗಳನ್ನು ಬಿಟ್ಟು ಕಥೆ ಹೇಳುವುದು ನನಗೆ ಬರುವುದಿಲ್ಲ.

ಎರಡನೆಯದು ಪಾಪಾ ಸುರಂಗ. 3,118 ಅಡಿ ಉದ್ದ. ನದಿ ಇಲ್ಲಿ ಹಾವಿನ ಹಾಗೆ ಸುತ್ತಿಕೊಂಡಿದೆ. ಆ ಆರು ಮೈಲಿ ಸುತ್ತು ಉಳಿಸಲು ಗುಡ್ಡ ಕೊರೆದರು. ಎರಡು ವರ್ಷದ ಕೆಲಸ ಎಂದು 1836ರಲ್ಲಿ ಶುರು ಮಾಡಿದ್ದು ಮುಗಿದದ್ದು 1850ಕ್ಕೆ. ಒಳಗೆ ಅರವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆ. ಗುತ್ತಿಗೆದಾರ ಲೀ ಮಾಂಟ್ಗೊಮರಿ ಮೆಥಡಿಸ್ಟ್ ಪಾದ್ರಿ. ಈ ಸುರಂಗದಲ್ಲೇ ಅವನ ಹಣವೆಲ್ಲ ಕರಗಿತು. “ನಮ್ಮ ವಿ.ಸಿ. ನಾಲೆಯ ಹುಲಿಕೆರೆ ಸುರಂಗ ಇದಕ್ಕಿಂತ ಉದ್ದ,” ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು. ನಿಜವೇ. ಆದರೆ ಹುಲಿಕೆರೆ ಸುರಂಗದಲ್ಲಿ ಹೋಗುವುದು ನೀರು ಮಾತ್ರ, ಇಲ್ಲಿ ಮೊಮ್ಮಕ್ಕಳು ಟಾರ್ಚ್ ಹಿಡಿದು ನಡೆಯಬಹುದು.

ಟಾರ್ಚ್ ಇಲ್ಲದೆ ಹೋಗಲೇಬಾರದು. ನಡುವಿಗೆ ಬಂದರೆ ಎರಡೂ ಬಾಯಿ ಬೆಳಕಿನ ಚುಕ್ಕಿಯಾಗುತ್ತವೆ. ನೆಲ ಏರುಪೇರು, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಮಕ್ಕಳಿಗೆ ಸ್ವೆಟರ್ ಇರಲಿ. ಒಂದು ಬದಿಗೆ ಕಟಕಟೆ. ಅದರ ಮರದ ಮೇಲೆ ಕೈಯಾಡಿಸಿದರೆ ಬೆರಳು ತುಂಬುವಷ್ಟು ಆಳದ ಗೀರುಗಳು ಸಿಗುತ್ತವೆ, ದೋಣಿಯ ಹಗ್ಗ ವರ್ಷಗಟ್ಟಲೆ ಉಜ್ಜಿ ಕೊರೆದದ್ದು. ಸುರಂಗದಲ್ಲಿ ಒಂದು ಸಲಕ್ಕೆ ಒಂದೇ ದೋಣಿ. ಎದುರುಬದುರಾದ ಇಬ್ಬರು ಕ್ಯಾಪ್ಟನ್‌ಗಳು ‘ನೀ ಹಿಂದೆ ಹೋಗು, ನೀ ಹಿಂದೆ ಹೋಗು’ ಎಂದು ದಿನಗಟ್ಟಲೆ ಪಟ್ಟು ಹಿಡಿದು ಕೂತರಂತೆ, ಕೊನೆಗೆ ಕಂಪನಿಯವರು ಒಂದು ಬಾಯಲ್ಲಿ ಹಸಿ ಜೋಳದ ದಂಟು ಸುಟ್ಟು ಹೊಗೆ ಹಾಕಿ ಓಡಿಸಿದರಂತೆ. ಈ ಕಥೆ ಹೇಳಿದ ಮೇಲೆ ಮೊಮ್ಮಕ್ಕಳಿಬ್ಬರೂ ಸುರಂಗದ ನಡುವೆ ಎದುರುಬದುರು ನಿಂತುಬಿಟ್ಟರು. ಹೊಗೆ ಹಾಕಲು ನಮ್ಮ ಹತ್ತಿರ ಏನೂ ಇರಲಿಲ್ಲ. ಕೋಡುಬಳೆ ಡಬ್ಬಿ ತೆಗೆದೆ, ರಾಜಿಯಾಯಿತು.

ಪಾಪಾ ಎನ್ನುವುದು ಪಕ್ಕದ ಊರಿನ ಹೆಸರು. ಊರಿಗೆ ಆ ಹೆಸರು ಬಂದದ್ದು ಒಂದು ಹಣ್ಣಿನ ಮರದಿಂದ. ನದಿಯುದ್ದಕ್ಕೂ ಏರಿಯ ನೆರಳಿನಲ್ಲಿ ಈ ಮರಗಳು ಗುಂಪು ಗುಂಪಾಗಿವೆ. ಸೆಪ್ಟೆಂಬರಿನಲ್ಲಿ ಹಣ್ಣು. ಸೀತಾಫಲದ ಕುಟುಂಬದ್ದು! ರೈತರ ಸಂತೆಯಲ್ಲಿ ಕೊಂಡು ತಂದ ಹಣ್ಣನ್ನು ಸೀಳಿದರೆ ಹಳದಿ ತಿರುಳು, ಕಪ್ಪನೆಯ ದೊಡ್ಡ ಬೀಜ, ಬಾಳೆಹಣ್ಣೂ ಮಾವಿನಹಣ್ಣೂ ಕಲೆಸಿದಂಥ ರುಚಿ. ಮೈನಸ್ ಹತ್ತು ಡಿಗ್ರಿ ಚಳಿ ತಾಳಿಕೊಂಡು ಇಂಥ ಹಣ್ಣು ಬಿಡುವ ಮರಕ್ಕೆ ಯಜಮಾನರು ಕಾಲುವೆಗೆ ಕೊಡದ ಗೌರವ ಕೊಟ್ಟರು. ಬೀಜಗಳನ್ನು ತೊಳೆದು ಒಣಗಿಸಿ ಎತ್ತಿಟ್ಟರು. ವಿಮಾನದಲ್ಲಿ ಬೀಜ ಒಯ್ಯುವಂತಿಲ್ಲ ಎಂದು ಅಳಿಯ ತಿಳಿಹೇಳಿದ ಮೇಲೆ ಮಗಳ ಹಿತ್ತಲಲ್ಲಿ ಹೂತರು.

ಇಷ್ಟೆಲ್ಲ ಇವತ್ತು ಉಳಿದಿರುವುದು ಒಂದು ನಡಿಗೆಯಿಂದ. 1950ರ ದಶಕದಲ್ಲಿ ಈ ಕಾಲುವೆಯ ಗುಂಟ ಕಾರು ಓಡುವ ರಸ್ತೆ ಮಾಡುವ ಯೋಚನೆ ಇತ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 1954ರ ಜನವರಿಯಲ್ಲಿ ರಸ್ತೆಯ ಪರ ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಅದಕ್ಕೆ ಪತ್ರ ಬರೆದು, ಬನ್ನಿ, ನನ್ನ ಜೊತೆ ಪೂರ್ತಿ ಏರಿ ನಡೆದು ನೋಡಿ, ಆಮೇಲೆ ಬರೆಯಿರಿ ಎಂದು ಸಂಪಾದಕರನ್ನು ಕರೆದರು. ಮಾರ್ಚಿನ ಚಳಿಯಲ್ಲಿ ಕಂಬರ್‌ಲ್ಯಾಂಡಿನಿಂದ ಹೊರಟ ದೊಡ್ಡ ಗುಂಪಿನಲ್ಲಿ ಕೊನೆಯವರೆಗೆ ನಡೆದವರು ಒಂಬತ್ತು ಮಂದಿ. ಕಾಲು ಬೊಬ್ಬೆಯೆದ್ದ ಸಂಪಾದಕರು ಪೂರ್ತಿ ನಡೆಯಲಿಲ್ಲ, ಆದರೆ ಮನಸ್ಸು ಬದಲಿಸಿದರು. ರಸ್ತೆ ಬರಲಿಲ್ಲ. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು, 1977ರಲ್ಲಿ ಡಗ್ಲಸ್ ಅವರಿಗೇ ಅರ್ಪಣೆಯಾಯಿತು.

ರಾತ್ರಿ ತಂಗಬೇಕೆನ್ನುವವರಿಗೂ ದಾರಿಯಿದೆ. ಲಾಕಿನವರು ಇದ್ದ ಹಳೆಯ ಮನೆಗಳಲ್ಲಿ ಕೆಲವನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತಾರೆ. ಒಂದೊಂದು ಮನೆ ಒಂದೊಂದು ಕಾಲಕ್ಕೆ ಹೊಂದುವಂತೆ ಸಜ್ಜು ಮಾಡಿದ್ದಾರೆ. ಕೆಲವಕ್ಕೆ ಕರೆಂಟು, ನಲ್ಲಿ ಇವೆ. ಕೆಲವಕ್ಕೆ ಎರಡೂ ಇಲ್ಲ. ಹಾಸಿಗೆಯ ಬಟ್ಟೆ ನಾವೇ ಒಯ್ಯಬೇಕು. ನಾವು ಕರೆಂಟಿಲ್ಲದ್ದನ್ನೇ ಹಿಡಿದೆವು, ಮಗಳ ಹಠ. ರಾತ್ರಿ ಎಂಟಕ್ಕೆ ಅವಳ ಫೋನು ಸತ್ತಿತು, ಎಂಟೂವರೆಗೆ ಅಳಿಯನದು. ಒಂಬತ್ತಕ್ಕೆ ಎಲ್ಲರೂ ಚೌಕಾಬಾರ ಆಡುತ್ತ ಕೂತೆವು. ಕವಡೆ ಇಲ್ಲದ್ದಕ್ಕೆ ಪಿಸ್ತಾ ಸಿಪ್ಪೆ.

ಮಾರನೆಯ ಬೆಳಿಗ್ಗೆ ಏರಿಯಲ್ಲಿ ಹೋಗುತ್ತಿದ್ದಾಗ ಸೈಕಲ್ಲಿನವರು ಡೇರೆ ಹಾಕುವ ಜಾಗ ಸಿಕ್ಕಿತು. ಅಲ್ಲಿ ಒಂದು ಕೈಪಂಪು. ಪಿಟ್ಸ್‌ಬರ್ಗಿನಿಂದ ಹೊರಟ ಜೋಡಿಯೊಂದು ಬಾಟಲಿ ತುಂಬಿಸುತ್ತಿತ್ತು. ಕಂಬರ್‌ಲ್ಯಾಂಡಿನಿಂದಾಚೆ ಅಲ್ಲಿಯವರೆಗೂ ಇನ್ನೊಂದು ಸೈಕಲ್ ದಾರಿ ಸೇರಿಕೊಂಡಿದೆ. ಮೊಮ್ಮಗ ಹಿಡಿಗೆ ಜೋತುಬಿದ್ದ, ಪಂಪು ಕಿರುಗುಟ್ಟಿತೇ ಹೊರತು ನೀರು ಬರಲಿಲ್ಲ.

“ಜೋತು ಬೀಳ್ಬಾರ್ದು ಕಣೋ, ಒಂದೇ ಸಮ ಒತ್ಬೇಕು,” ಎಂದು ತಾತ ಅವನ ಕೈ ಮೇಲೆ ಕೈ ಇಟ್ಟು ಒತ್ತಿದರು. ಔಷಧಿ ವಾಸನೆಯ ನೀರು ಧಾರೆಯಾಗಿ ಬಂದು ಚಪ್ಪಲಿ ತೋಯಿಸಿತು. ಅಯೋಡಿನ್ ಹಾಕಿರುತ್ತಾರಂತೆ.

“ಮಾವ, ಮತ್ತೆ ಸೆಪ್ಟೆಂಬರ್‌ಗೆ ಬುಕ್ ಮಾಡ್ಲಾ? ಹಣ್ಣಿನ ಕಾಲ.”

“ಮಾಡಪ್ಪ. ಈ ಸಲ ಕರೆಂಟ್ ಇರೋ ಮನೆ ನೋಡು, ನಿಮ್ಮತ್ತೆಗೆ ಕಾಫಿಗೆ ತೊಂದ್ರೆ ಆಯ್ತು.”

ಕಾಫಿಗೆ ತೊಂದರೆಯಾದದ್ದು ಯಾರಿಗೆ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು.